ಕೈಗೇರಿನಿಂದ ಜೋಡಿ ಕ್ಲಚ್ಚಿಗೆ: ಕ್ರೀಡಾಕಾರುಗಳ ಇತಿಹಾಸದಲ್ಲಿ ಒಂದು ಸ್ಥಿತ್ಯಂತರ

೧

ಇತಿಹಾಸದ ಅಧ್ಯಯನವೆಂದರೆ ರಾಜ್ಯಗಳ ಉದಯಾಸ್ತಗಳ, ಶಾಸನಗಳ, ಒಪ್ಪಂದಗಳ ಅಧ್ಯಯನವೆಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಇನ್ನೂ ಬಲವಾಗಿಯೇ ಇದೆ. ಮನುಷ್ಯನು ದಿನದಿನವೂ ಬಳಸುವ ಯಂತ್ರಗಳಿಗೂ ಇತಿಹಾಸವುಂಟು, ಅಲ್ಲಿಯೂ ಕಾರ್ಯಕಾರಣ ವಿವೇಚನೆಗೆ ಅವಕಾಶವುಂಟು ಎಂಬುದನ್ನು ಒಪ್ಪಿಕೊಂಡರೂ, ಆ ಕೆಲಸವನ್ನು ಎಂಜಿನಿಯರುಗಳ ಪಾಲಿಗೆ ಬಿಟ್ಟು ನಾವು ಸುಮ್ಮನಾಗುತ್ತೇವೆ. ಹೀಗೆ ಬಿಟ್ಟ ಇತಿಹಾಸದಲ್ಲಿ ಸಾಮಾನ್ಯವಾಗಿ ಒಂದು ಸರಳ ಕ್ರಮ ಕಂಡುಬರುತ್ತದೆ: ಹಳೆಯದರಲ್ಲಿ ದೋಷವಿತ್ತು, ಹೊಸದರಲ್ಲಿ ಗುಣವಿತ್ತು, ಆದುದರಿಂದ ಹೊಸದು ಬಂದಿತು, ಹಳೆಯದು ಹೋಯಿತು. ಈ ಕ್ರಮವು ಎಷ್ಟರಮಟ್ಟಿಗೆ ನಿಜವೆಂಬುದನ್ನು ಒಂದು ಚಿಕ್ಕ ಉದಾಹರಣೆಯ ಮೂಲಕ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಆ ಉದಾಹರಣೆಯು ಕ್ರೀಡಾಕಾರುಗಳ ಗೇರುಪೆಟ್ಟಿಗೆ. ಸುಮಾರು ನೂರು ವರ್ಷಗಳ ಕಾಲ ಚಾಲಕನು ಎಡಗಾಲಿನಿಂದ ಕ್ಲಚ್ಚನ್ನು ತುಳಿದು, ಕೈಯಿಂದ ಗೇರುಕೋಲನ್ನು ಸರಿಸಿ ಮಾಡುತ್ತಿದ್ದ ಕೆಲಸವನ್ನು ೨೦೦೩ರಿಂದ ಈಚೆಗೆ ಜೋಡಿ ಕ್ಲಚ್ಚಿನ ಸ್ವಯಂಚಾಲಿತ ಗೇರುಪೆಟ್ಟಿಗೆಯು ಬಹುಮಟ್ಟಿಗೆ ತನ್ನದಾಗಿ ಮಾಡಿಕೊಂಡಿತು. ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಮೊದಲನೆಯದು: ಈ ಗೇರುಪೆಟ್ಟಿಗೆಯ ಕಲ್ಪನೆ ೧೯೩೯ರಲ್ಲಿಯೇ ಮೂಡಿದ್ದಿತು; ಹಾಗಿದ್ದ ಮೇಲೆ ಅದು ಮಾರಾಟದ ಕಾರಿಗೆ ಬರಲು ೬೪ ವರ್ಷಗಳೇಕೆ ಬೇಕಾದುವು? ಎರಡನೆಯದು: ಬಂದ ಮೇಲೆ ಅದು ಗಡಿಯಾರದ ಅಳತೆಯಲ್ಲಿ ಕೈಗೇರನ್ನು ನಿಸ್ಸಂದೇಹವಾಗಿ ಸೋಲಿಸಿತು, ಆದರೂ ಸೋತದ್ದು ಏಕೆ ಅಳಿಯಲಿಲ್ಲ? ಯಂತ್ರವು ಮನುಷ್ಯನ ಕೌಶಲವನ್ನು ಮೀರಿದಾಗ ಆ ಕೌಶಲದ ಗತಿ ಏನಾಗುತ್ತದೆಂಬ ದೊಡ್ಡ ಪ್ರಶ್ನೆಯು ಈ ಎರಡು ಸಣ್ಣ ಪ್ರಶ್ನೆಗಳ ಹಿಂದೆ ನಿಂತಿದೆ.

೨

ಮೊದಲು ಕೈಗೇರಿನ ಸ್ವರೂಪವನ್ನು ನೋಡೋಣ. ಉಗಿಯಂತ್ರವು ನಿಂತಲ್ಲಿಂದಲೇ ಪೂರ್ಣ ಬಲವನ್ನು ಕೊಡಬಲ್ಲದು. ಪೆಟ್ರೋಲ್ ಎಂಜಿನ್ನಿಗೆ ಆ ಶಕ್ತಿಯಿಲ್ಲ. ಒಂದು ಮಿತಿಯ ವೇಗದಲ್ಲಿ ತಿರುಗುತ್ತಿದ್ದರೆ ಮಾತ್ರ ಅದು ಬಲವನ್ನು ಕೊಡುತ್ತದೆ. ಆದುದರಿಂದ ಎಂಜಿನ್ನಿನ ವೇಗಕ್ಕೂ ಚಕ್ರಗಳ ವೇಗಕ್ಕೂ ನಡುವೆ ಬೇರೆ ಬೇರೆ ಪ್ರಮಾಣದ ಹಲ್ಲುಗಾಲಿಗಳನ್ನು ಇರಿಸಿ, ಸಂದರ್ಭಕ್ಕೆ ತಕ್ಕಂತೆ ಅವುಗಳನ್ನು ಬದಲಿಸಬೇಕಾಗುತ್ತದೆ. ಪ್ಯಾರಿಸ್ಸಿನ ಪಾನ್ಹಾರ್ ಮತ್ತು ಲೆವಾಸೋರ್ ಸಂಸ್ಥೆಯು ೧೮೯೧ರ ಸುಮಾರಿನಲ್ಲಿ ಮುಂದೆ ಎಂಜಿನ್ನು, ಅದರ ಹಿಂದೆ ಕ್ಲಚ್ಚು, ಆ ಬಳಿಕ ಜಾರುವ ಹಲ್ಲುಗಾಲಿಗಳ ಪೆಟ್ಟಿಗೆ, ಕೊನೆಗೆ ಹಿಂಚಕ್ರಗಳು ಎಂಬ ಅನುಕ್ರಮವನ್ನು ರೂಢಿಗೆ ತಂದಿತು. ಮುಂದೆ ಅರ್ಧಶತಮಾನಕ್ಕೂ ಮಿಕ್ಕಿ ಕಾರುಗಳ ಸಾಮಾನ್ಯ ವಿನ್ಯಾಸ ಇದೇ ಆಯಿತು. ೧೮೯೫ರಲ್ಲಿ ಎಮಿಲ್ ಲೆವಾಸೋರನು ಇಂತಹ ಕಾರನ್ನು ಪ್ಯಾರಿಸ್ಸಿನಿಂದ ಬೋರ್ಡೋಗೆ ನಡೆಸಿ ಹಿಂದಿರುಗಿದನು. ಸುಮಾರು ೧೧೮೦ ಕಿಲೋಮೀಟರುಗಳ ಆ ದಾರಿಗೆ ಅವನಿಗೆ ಎರಡು ಹಗಲು ಎರಡು ರಾತ್ರಿಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯಿತು.

ಜಾರುವ ಗೇರುಗಳನ್ನು ಬದಲಿಸುವುದು ಸುಲಭವಾಗಿರಲಿಲ್ಲ. ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಎರಡು ಹಲ್ಲುಗಾಲಿಗಳನ್ನು ಒಂದಕ್ಕೊಂದು ಕೂಡಿಸಬೇಕಾದರೆ ಅವುಗಳ ವೇಗವನ್ನು ಮೊದಲು ಸಮಗೊಳಿಸಬೇಕು; ತಪ್ಪಿದರೆ ಹಲ್ಲುಗಳು ಕರಕರನೆ ಉಜ್ಜುತ್ತವೆ. ಕ್ಲಚ್ಚನ್ನು ಒಮ್ಮೆ ತುಳಿದು ಗೇರನ್ನು ಬಿಡಿಸಿ, ಕ್ಲಚ್ಚನ್ನು ಬಿಟ್ಟು ಎಂಜಿನ್ನಿನ ವೇಗವನ್ನು ಸರಿಪಡಿಸಿ, ಮತ್ತೊಮ್ಮೆ ತುಳಿದು ಹೊಸ ಗೇರಿಗೆ ಹಾಕುವ ಪದ್ಧತಿಯನ್ನು ಹಳೆಯ ಲಾರಿ ಚಾಲಕರು ಬಲ್ಲರು. ಅದು ಒಂದೇ ಕ್ಲಚ್ಚನ್ನು ಎರಡು ಬಾರಿ ತುಳಿಯುವ ಕ್ರಮ. ನಾವು ಇಲ್ಲಿ ವಿವೇಚಿಸುತ್ತಿರುವ ಜೋಡಿ ಕ್ಲಚ್ಚಿಗೂ ಅದಕ್ಕೂ ಹೆಸರಿನಲ್ಲಿ ಹೋಲಿಕೆಯೇ ಹೊರತು ಬೇರೆ ಸಂಬಂಧವಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ೧೯೨೮ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸಂಸ್ಥೆಯು ವೇಗವನ್ನು ತಾನಾಗಿಯೇ ಸಮಗೊಳಿಸುವ ಸಿಂಕ್ರೋಮೆಷ್ ಏರ್ಪಾಡನ್ನು ತಂದಿತು. ಇದರಿಂದ ಕಷ್ಟದ ಒಂದು ಭಾಗ ಹೋಯಿತು. ಆದರೆ ಕ್ಲಚ್ಚೂ ಕೋಲೂ ಚಾಲಕನ ಕೈಕಾಲುಗಳಲ್ಲಿಯೇ ಉಳಿದುವು.

ಸಾಮಾನ್ಯ ಪ್ರಯಾಣಿಕನಿಗೆ ಇದು ತೊಡಕು. ಕ್ರೀಡಾಕಾರಿನ ಚಾಲಕನಿಗಾದರೋ ಇದೇ ವಿದ್ಯೆ. ತಿರುವಿನ ಮೊದಲು ಬಲಪಾದದ ಮುಂಭಾಗದಿಂದ ಬ್ರೇಕನ್ನು ಒತ್ತುತ್ತ, ಅದೇ ಪಾದದ ಅಂಚಿನಿಂದ ಎಂಜಿನ್ನಿನ ವೇಗವನ್ನು ಏರಿಸಿ, ಎಡಗಾಲಿನಿಂದ ಕ್ಲಚ್ಚನ್ನು ತುಳಿದು, ಕೈಯಿಂದ ಕೆಳಗಿನ ಗೇರಿಗೆ ಇಳಿಸುವುದು ಒಂದು ಕ್ಷಣದ ಕೆಲಸ. ಅದನ್ನು ಕಲಿಯಲು ವರ್ಷಗಳು ಬೇಕು. ನಮ್ಮ ಪುರಾಣಪರಿಚಿತ ಪದಗಳಲ್ಲಿ ಹೇಳುವುದಾದರೆ, ರಥದಲ್ಲಿ ಗುರಿಯಿಡುವ ರಥಿಕನು ಬೇರೆ, ಕುದುರೆಗಳ ಮನಸ್ಸನ್ನು ತಿಳಿದು ನಡೆಸುವ ಸಾರಥಿ ಬೇರೆ. ಕ್ರೀಡಾಕಾರಿನಲ್ಲಿ ಈ ಇಬ್ಬರೂ ಒಬ್ಬನೇ ಆಗಿದ್ದನು. ಆ ಕಾರಿನ ಆಕರ್ಷಣೆಯ ಒಂದು ದೊಡ್ಡ ಭಾಗ ಅದರಲ್ಲಿಯೇ ಇದ್ದಿತು.

೩

ಕೈಗೇರಿನ ಮೂಲಭೂತ ಕೊರತೆಯು ಚಾಲಕನ ಅಸಾಮರ್ಥ್ಯದಲ್ಲಿಲ್ಲ, ಅದರ ರಚನೆಯಲ್ಲಿಯೇ ಇದೆ. ಎಷ್ಟೇ ನಿಪುಣನಾದರೂ ಗೇರು ಬದಲಿಸುವ ಹೊತ್ತಿನಲ್ಲಿ ಕ್ಲಚ್ಚು ಬಿಟ್ಟಿರುತ್ತದೆ; ಅಷ್ಟು ಕಾಲ ಎಂಜಿನ್ನಿನ ಬಲ ಚಕ್ರಗಳನ್ನು ಮುಟ್ಟುವುದಿಲ್ಲ. ಈ ಬಿರುಕನ್ನು ಮುಚ್ಚುವ ಉಪಾಯವನ್ನು ಸೂಚಿಸಿದವನು ಅಡಾಲ್ಫ್ ಕೆಗ್ರೆಸ್ ಎಂಬ ಫ್ರೆಂಚ್ ಎಂಜಿನಿಯರ್. ಈತನ ಜೀವನವೇ ಒಂದು ಸ್ವಾರಸ್ಯವಾದ ಅಧ್ಯಾಯ. ರಷ್ಯದ ಚಕ್ರವರ್ತಿ ಎರಡನೆಯ ನಿಕೊಲಾಸನ ಕಾರುಶಾಲೆಯಲ್ಲಿ ಕೆಲಸಮಾಡುತ್ತ, ಹಿಮದ ಮೇಲೆ ಓಡಬಲ್ಲಂತೆ ಹಿಂಚಕ್ರಗಳ ಬದಲು ಪಟ್ಟಿಗಳನ್ನು ಜೋಡಿಸಿದ ವಾಹನವನ್ನು ಈತನು ರೂಪಿಸಿದನು. ಕ್ರಾಂತಿಯಾದ ಮೇಲೆ ಫ್ರಾನ್ಸಿಗೆ ಮರಳಿ ಸಿಟ್ರೊಯೆನ್ ಸಂಸ್ಥೆಯೊಡನೆ ಸೇರಿದನು. ೧೯೨೨-೨೩ರಲ್ಲಿ ಸಹಾರಾ ಮರುಭೂಮಿಯನ್ನು ದಾಟಿದ ಸಿಟ್ರೊಯೆನ್ ವಾಹನಗಳು ಈತನ ಪಟ್ಟಿಗಳ ಮೇಲೆಯೇ ಓಡಿದುವು.

೧೯೩೯ರಲ್ಲಿ ಕೆಗ್ರೆಸನು ಮುಂದಿಟ್ಟ ಕಲ್ಪನೆ ಇದು. ಗೇರುಪೆಟ್ಟಿಗೆಯನ್ನು ಎರಡು ಪಾಲು ಮಾಡಬೇಕು: ಒಂದು, ಮೂರು ಮೊದಲಾದ ಬೆಸ ಗೇರುಗಳು ಒಂದು ಪಾಲಿನಲ್ಲಿ; ಎರಡು, ನಾಲ್ಕು ಮೊದಲಾದ ಸಮ ಗೇರುಗಳು ಇನ್ನೊಂದು ಪಾಲಿನಲ್ಲಿ. ಪ್ರತಿಯೊಂದು ಪಾಲಿಗೂ ತನ್ನದೇ ಆದ ಕ್ಲಚ್ಚು. ಕಾರು ಎರಡನೆಯ ಗೇರಿನಲ್ಲಿ ಓಡುತ್ತಿರುವಾಗಲೇ ಮತ್ತೊಂದು ಪಾಲಿನಲ್ಲಿ ಮೂರನೆಯ ಗೇರನ್ನು ಕೂಡಿಸಿ ಸಿದ್ಧವಾಗಿ ಇಡಬಹುದು. ಬದಲಿಸಬೇಕಾದ ಗಳಿಗೆಯಲ್ಲಿ ಒಂದು ಕ್ಲಚ್ಚು ಬಿಡುತ್ತಿರುವಂತೆಯೇ ಇನ್ನೊಂದು ಹಿಡಿದುಕೊಳ್ಳುತ್ತದೆ. ಓಟದ ಪಂದ್ಯದಲ್ಲಿ ಒಬ್ಬನ ಕೈಯಿಂದ ಮತ್ತೊಬ್ಬನು ಓಡುತ್ತಲೇ ಕೋಲನ್ನು ತೆಗೆದುಕೊಳ್ಳುವಂತೆ, ಬಲವು ನಿಲ್ಲದೆ ಕೈ ಬದಲಾಯಿಸುತ್ತದೆ. ಈ ಏರ್ಪಾಡನ್ನು ಒಂದು ಸಿಟ್ರೊಯೆನ್ ಕಾರಿನಲ್ಲಿ ಪರೀಕ್ಷಿಸಲಾಯಿತು. ಆದರೆ ಅದೇ ವರ್ಷ ಯುದ್ಧ ತೊಡಗಿತು. ೧೯೪೩ರಲ್ಲಿ ಕೆಗ್ರೆಸನು ತೀರಿಕೊಂಡನು.

ಇಲ್ಲಿ ಒಂದು ಸಮಕಾಲೀನತೆ ಗಮನಾರ್ಹವಾಗಿದೆ. ಅದೇ ೧೯೩೯ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು ಓಲ್ಡ್ಸ್‌ಮೊಬೀಲ್ ಕಾರುಗಳಿಗಾಗಿ ಹೈಡ್ರಾ-ಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರುಪೆಟ್ಟಿಗೆಯನ್ನು ಪ್ರಕಟಿಸಿತು. ಅದರಲ್ಲಿ ಬಲವನ್ನು ಸಾಗಿಸುತ್ತಿದ್ದುದು ತೈಲತುಂಬಿದ ಜೋಡಣೆ. ಹೀಗೆ ಕ್ಲಚ್ಚಿನ ಕಾಲ್ಕೆಲಸವನ್ನು ತಪ್ಪಿಸುವ ಎರಡು ದಾರಿಗಳು ಒಟ್ಟೊಟ್ಟಿಗೆ ತೆರೆದುವು. ಸುಖಪ್ರಯಾಣಕ್ಕೆ ಒಪ್ಪುವ ದಾರಿ ಕೂಡಲೇ ಹೆದ್ದಾರಿಯಾಯಿತು. ವೇಗಕ್ಕೆ ಒಪ್ಪುವ ದಾರಿ ಬಹುಕಾಲ ಕಾಲುದಾರಿಯಾಗಿಯೇ ಉಳಿಯಿತು.

೪

ಆ ಕಾಲುದಾರಿಯಲ್ಲಿ ಮುಂದೆ ನಡೆದುದು ಜರ್ಮನಿಯ ಪೋರ್ಷೆ ಸಂಸ್ಥೆ. ಪಂದ್ಯದ ಕಾರುಗಳಲ್ಲಿ ಟರ್ಬೋ ಬಳಕೆಗೆ ಬಂದ ಮೇಲೆ ಗೇರು ಬದಲಿಸುವಾಗಿನ ಬಿರುಕು ಇನ್ನಷ್ಟು ದುಬಾರಿಯಾಯಿತು. ಚಾಲಕನು ಕಾಲೆತ್ತಿದ ಕೂಡಲೇ ಟರ್ಬೋದ ಒತ್ತಡ ಇಳಿಯುತ್ತಿತ್ತು. ಅದು ಮತ್ತೆ ಏರುವವರೆಗೆ ಕಾರು ಬಲವಿಲ್ಲದೆ ಕಾಯಬೇಕಾಗುತ್ತಿತ್ತು. ಜೋಡಿ ಕ್ಲಚ್ಚಿದ್ದರೆ ಕಾಲೆತ್ತುವ ಪ್ರಸಂಗವೇ ಇಲ್ಲ. ೧೯೮೩ರಿಂದ ಪೋರ್ಷೆಯು ತನ್ನ ೯೫೬ ಎಂಬ ಪಂದ್ಯದ ಕಾರಿನಲ್ಲಿ ಪಿ.ಡಿ.ಕೆ. ಎಂಬ ಹೆಸರಿನ ಜೋಡಿ ಕ್ಲಚ್ಚಿನ ಪೆಟ್ಟಿಗೆಯನ್ನು ಪ್ರಯೋಗಿಸತೊಡಗಿತು. ೧೯೮೬ರಲ್ಲಿ ಇಟಲಿಯ ಮೋಂಜಾದಲ್ಲಿ ಹಾನ್ಸ್-ಯೋಆಖಿಮ್ ಸ್ಟುಕ್ ಮತ್ತು ಡೆರೆಕ್ ಬೆಲ್ ಎಂಬ ಚಾಲಕರು ಈ ಪೆಟ್ಟಿಗೆಯಿದ್ದ ೯೬೨ ಕಾರಿನಲ್ಲಿ ೩೬೦ ಕಿಲೋಮೀಟರುಗಳ ಪಂದ್ಯವನ್ನು ಗೆದ್ದರು.

ಕಲ್ಪನೆ ಸರಿಯೆಂದು ಹೀಗೆ ಸಿದ್ಧವಾಯಿತು. ಆದರೂ ಮಾರಾಟದ ಕಾರಿಗೆ ಅದು ಬರಲಿಲ್ಲ. ಪೆಟ್ಟಿಗೆ ಭಾರವಾಗಿತ್ತು, ಆದರೆ ಅದಕ್ಕಿಂತ ದೊಡ್ಡ ಅಡ್ಡಿ ನಿಯಂತ್ರಣದ್ದು. ಒಂದು ಕ್ಲಚ್ಚು ಬಿಡುವುದೂ ಇನ್ನೊಂದು ಹಿಡಿಯುವುದೂ ಕಿಂಚಿತ್ತಾದರೂ ಹೊಂದಾಣಿಕೆ ತಪ್ಪಿದರೆ ಕಾರು ಜಗ್ಗುತ್ತದೆ, ಇಲ್ಲವೆ ಎಂಜಿನ್ನು ಬರಿದೇ ಕೂಗುತ್ತದೆ. ಪಂದ್ಯದ ಚಾಲಕನು ಜಗ್ಗಾಟವನ್ನು ಸಹಿಸಿಯಾನು. ಹಣಕೊಟ್ಟು ಕಾರನ್ನು ಕೊಂಡ ಗೃಹಸ್ಥನು ಸಹಿಸನು. ಇದಲ್ಲದೆ ಮುಂದೆ ಬೇಕಾಗುವುದು ಮೇಲಿನ ಗೇರೋ ಕೆಳಗಿನ ಗೇರೋ ಎಂಬುದನ್ನು ಯಂತ್ರವು ಮುಂಚಿತವಾಗಿ ಊಹಿಸಿ ಸಿದ್ಧಗೊಳಿಸಬೇಕು. ಇಷ್ಟೆಲ್ಲಕ್ಕೂ ಕಾರಿನ ವೇಗವನ್ನೂ ಚಾಲಕನ ಪಾದದ ಒತ್ತಡವನ್ನೂ ಎಡೆಬಿಡದೆ ಅಳೆಯುವ ಸಾಧನಗಳು, ಕ್ಷಣದ ಅಲ್ಪಾಂಶದಲ್ಲಿ ಲೆಕ್ಕಹಾಕುವ ಗಣಕ, ಅದರ ಆಜ್ಞೆಯಂತೆ ತೈಲದ ಒತ್ತಡವನ್ನು ನವಿರಾಗಿ ಏರಿಳಿಸುವ ಕವಾಟಗಳು ಇವೆಲ್ಲವೂ ಕಡಿಮೆ ಬೆಲೆಗೆ ದೊರೆಯಬೇಕು. ಕೆಗ್ರೆಸನ ಕಾಲದಲ್ಲಿ ಅವುಗಳಲ್ಲಿ ಗಣಕದ ಹೆಸರೇ ಇರಲಿಲ್ಲ. ೧೯೮೬ರಲ್ಲಿ ಎಲ್ಲವೂ ಇದ್ದರೂ ಸಾಕಷ್ಟು ಪಕ್ವವಾಗಿರಲಿಲ್ಲ. ಒಂದು ಕಲ್ಪನೆಯ ಹುಟ್ಟಿದ ವರ್ಷವನ್ನು ಗುರುತಿಸಿದರೆ ಇತಿಹಾಸಕಾರನ ಕೆಲಸ ಮುಗಿಯುವುದಿಲ್ಲ; ಆ ಕಲ್ಪನೆಯು ಯಾವ ಯಾವ ಅನ್ಯ ವಿದ್ಯೆಗಳ ಬೆಳವಣಿಗೆಗಾಗಿ ಕಾದು ನಿಂತಿತ್ತೆಂಬುದನ್ನೂ ತೋರಿಸಬೇಕು. ಮೊದಲನೆಯ ಪ್ರಶ್ನೆಗೆ ಉತ್ತರ ಇದೇ.

ಈ ನಡುವೆ ಇನ್ನೊಂದು ಬೆಳವಣಿಗೆಯಾಯಿತು. ೧೯೮೯ರ ಮಾರ್ಚ್ ತಿಂಗಳಲ್ಲಿ ಬ್ರೆಜಿಲ್ಲಿನ ಫಾರ್ಮುಲಾ ಒನ್ ಪಂದ್ಯವನ್ನು ನೈಜೆಲ್ ಮ್ಯಾನ್ಸೆಲ್ ಗೆದ್ದ ಫೆರಾರಿ ಕಾರಿನಲ್ಲಿ ಗೇರುಕೋಲು ಇರಲಿಲ್ಲ; ಜಾನ್ ಬಾರ್ನರ್ಡ್ ವಿನ್ಯಾಸಗೊಳಿಸಿದ ಆ ಕಾರಿನ ಸ್ಟಿಯರಿಂಗ್ ಚಕ್ರದ ಹಿಂಬದಿಯಲ್ಲಿ ಬೆರಳಿನಿಂದ ಎಳೆಯುವ ಎರಡು ಪ್ಯಾಡಲ್‌ಗಳಿದ್ದುವು. ಕ್ಲಚ್ಚು ಒಂದೇ; ಆದರೆ ಓಡುತ್ತಿರುವಾಗ ಅದನ್ನು ತುಳಿಯುವುದೂ ಗೇರನ್ನು ಸರಿಸುವುದೂ ತೈಲಯಂತ್ರದ ಕೆಲಸ. ೧೯೯೭ರಲ್ಲಿ ಇದು ಫೆರಾರಿಯ ೩೫೫ ಎಂಬ ಮಾರಾಟದ ಕಾರಿಗೂ ಬಂದಿತು. ಇದರ ಐತಿಹಾಸಿಕ ಮಹತ್ವ ಹೀಗಿದೆ: ಗೇರು ಬದಲಿಸುವುದರಲ್ಲಿ ಯಾವಾಗ ಬದಲಿಸಬೇಕೆಂಬ ನಿರ್ಣಯವೂ ಬದಲಿಸುವ ಕ್ರಿಯೆಯೂ ಅದುವರೆಗೆ ಬೆರೆತಿದ್ದುವು. ಫೆರಾರಿಯ ಏರ್ಪಾಡು ನಿರ್ಣಯವನ್ನು ಚಾಲಕನಿಗೆ ಉಳಿಸಿ ಕ್ರಿಯೆಯನ್ನು ಮಾತ್ರ ಕಸಿದುಕೊಂಡಿತು. ರಥಿಕನೂ ಸಾರಥಿಯೂ ಬೇರೆಯಾಗುವುದಕ್ಕೆ ಇದು ಮೊದಲ ಹೆಜ್ಜೆ.

೫

೨೦೦೩ರಲ್ಲಿ ಫೋಕ್ಸ್‌ವಾಗನ್ ಸಂಸ್ಥೆಯು ಗಾಲ್ಫ್ ಆರ್ ೩೨ ಎಂಬ ಕಾರಿನಲ್ಲಿ ಆರು ಗೇರುಗಳ ಜೋಡಿ ಕ್ಲಚ್ಚನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ ಆಡಿ ಟಿ.ಟಿ. ಕಾರಿಗೂ ಅದು ಬಂದಿತು. ಅಲ್ಲಿಂದ ಮುಂದೆ ಬದಲಾವಣೆ ತ್ವರಿತವಾಯಿತು. ೨೦೦೫ರ ಬುಗಾಟಿ ವೇರಾನ್, ೨೦೦೭ರ ನಿಸ್ಸಾನ್ ಜಿ.ಟಿ.-ಆರ್., ೨೦೦೮ರ ಬಿ.ಎಂ.ಡಬ್ಲ್ಯು. ಎಂ ೩ ಮತ್ತು ಪೋರ್ಷೆ ೯೧೧, ೨೦೦೯ರ ಫೆರಾರಿ ೪೫೮, ೨೦೧೧ರ ಮೆಕ್‌ಲಾರೆನ್ ಹೀಗೆ ಒಂದೊಂದಾಗಿ ಹೆಸರಾಂತ ಕಾರುಗಳೆಲ್ಲ ಈ ದಾರಿ ಹಿಡಿದುವು. ಇವುಗಳ ಪೈಕಿ ಬುಗಾಟಿ, ನಿಸ್ಸಾನ್, ಫೆರಾರಿ ೪೫೮, ಮೆಕ್‌ಲಾರೆನ್ ಕಾರುಗಳಲ್ಲಿ ಕೈಗೇರಿನ ಆಯ್ಕೆಯೇ ಇರಲಿಲ್ಲ.

ಕಾರಣವನ್ನು ಅಂಕಿಗಳೇ ಹೇಳುತ್ತವೆ. ೨೦೦೮ರ ಪೋರ್ಷೆ ೯೧೧ ಕಾರೆರಾ ಕಾರು ನಿಂತಲ್ಲಿಂದ ಗಂಟೆಗೆ ೧೦೦ ಕಿಲೋಮೀಟರುಗಳ ವೇಗಕ್ಕೆ ಏರಲು ಕೈಗೇರಿನಲ್ಲಿ ೪.೯ ಸೆಕೆಂಡುಗಳನ್ನೂ, ಜೋಡಿ ಕ್ಲಚ್ಚಿನಲ್ಲಿ ೪.೭ ಸೆಕೆಂಡುಗಳನ್ನೂ ತೆಗೆದುಕೊಳ್ಳುತ್ತಿತ್ತೆಂದು ಸಂಸ್ಥೆಯೇ ಪ್ರಕಟಿಸಿತು. ಮಾತ್ರವಲ್ಲ, ಇಂಧನದ ವ್ಯಯವೂ ಜೋಡಿ ಕ್ಲಚ್ಚಿನಲ್ಲಿಯೇ ಕಡಿಮೆ. ಹಿಂದಿನ ಸ್ವಯಂಚಾಲಿತ ಪೆಟ್ಟಿಗೆಗಳು ಸುಖವನ್ನು ಕೊಟ್ಟು ವೇಗವನ್ನೂ ಇಂಧನವನ್ನೂ ತಿನ್ನುತ್ತಿದ್ದುವು. ಆದುದರಿಂದ ಕ್ರೀಡಾಕಾರಿನ ಅಭಿಮಾನಿಯು ಅವುಗಳನ್ನು ಹಗುರವಾಗಿ ಕಾಣಬಹುದಾಗಿತ್ತು. ಈಗ ಆ ವಾದಕ್ಕೆ ಆಧಾರ ತಪ್ಪಿತು. ಎಡಗಾಲಿನಲ್ಲಿ ಊನವಿರುವವರಿಗೂ ಇಂತಹ ಕಾರನ್ನು ನಡೆಸುವುದು ಸಾಧ್ಯವಾಯಿತೆಂಬ ಲಾಭವನ್ನು ಹಳೆಯ ವಿದ್ಯೆಗಾಗಿ ಮರುಗುವವರು ಮರೆಯಬಾರದು.

೬

ಇಷ್ಟಕ್ಕೆ ಕಥೆ ಮುಗಿದಿದ್ದರೆ ಆರಂಭದಲ್ಲಿ ಹೇಳಿದ ಸರಳ ಕ್ರಮವೇ ನಿಜವೆನ್ನಬಹುದಾಗಿತ್ತು. ಆದರೆ ೨೦೧೩ರಲ್ಲಿ ಒಂದು ಪ್ರಸಂಗ ನಡೆಯಿತು. ಪೋರ್ಷೆಯ ಕಾರುಗಳಲ್ಲಿ ಪಂದ್ಯದ ಕಾರಿಗೆ ಅತ್ಯಂತ ಸಮೀಪವಾದುದೆಂದು ಖ್ಯಾತವಾದ ೯೧೧ ಜಿ.ಟಿ. ೩ ಆ ವರ್ಷ ಜೋಡಿ ಕ್ಲಚ್ಚಿನಲ್ಲಿ ಮಾತ್ರ ಹೊರಬಂದಿತು. ಕಾರು ಹಿಂದಿನದಕ್ಕಿಂತ ವೇಗವಾಗಿತ್ತು. ಆದರೂ ಅಭಿಮಾನಿಗಳಲ್ಲಿ ಅನೇಕರು ಅಸಮಾಧಾನಗೊಂಡರು. ೨೦೧೬ರಲ್ಲಿ ಸಂಸ್ಥೆಯು ೯೧೧ ಆರ್ ಎಂಬ ಕಾರನ್ನು ಕೈಗೇರಿನಲ್ಲಿ ಮಾತ್ರ, ಕೇವಲ ೯೯೧ರ ಸಂಖ್ಯೆಯಲ್ಲಿ ತಯಾರಿಸಿತು. ಅವು ಮರುಮಾರಾಟದಲ್ಲಿ ಮೂಲಬೆಲೆಯನ್ನು ಬಹಳವಾಗಿ ಮೀರಿದುವು. ೨೦೧೭ರ ಜಿ.ಟಿ. ೩ ಕಾರಿಗೆ ಕೈಗೇರಿನ ಆಯ್ಕೆ ಮರಳಿ ಬಂದಿತು. ಆ ಕಾರು ೧೦೦ ಕಿಲೋಮೀಟರುಗಳ ವೇಗಕ್ಕೆ ಜೋಡಿ ಕ್ಲಚ್ಚಿನಲ್ಲಿ ೩.೪ ಸೆಕೆಂಡುಗಳಲ್ಲಿ, ಕೈಗೇರಿನಲ್ಲಿ ೩.೯ ಸೆಕೆಂಡುಗಳಲ್ಲಿ ಏರುತ್ತಿತ್ತು. ಅರ್ಧ ಸೆಕೆಂಡಿನ ನಷ್ಟವನ್ನು ತಿಳಿದೂ ತಿಳಿದೂ ಕೈಗೇರನ್ನು ಆರಿಸಿಕೊಂಡವರು ಅಜ್ಞಾನಿಗಳಲ್ಲ. ಅವರು ಬೇರೊಂದು ಅಳತೆಗೋಲನ್ನು ಹಿಡಿದಿದ್ದರು. ಪಂದ್ಯದ ಕಣದಲ್ಲಿ ಕಾಲವೇ ಅಳತೆ. ಊರಿನ ಹೊರಗಿನ ರಸ್ತೆಯಲ್ಲಿ ಭಾನುವಾರದ ಮುಂಜಾವಿನಲ್ಲಿ ಕಾರು ನಡೆಸುವವನಿಗೆ, ತಾನು ಮಾಡಿದ ಕೆಲಸ ಸರಿಯಾಯಿತೆಂಬ ತೃಪ್ತಿಯೇ ಅಳತೆ.

ಅಮೆರಿಕದ ಕಾರ್ವೆಟ್ ಕಾರಿನ ಚರಿತ್ರೆಯು ಸರಳ ಕ್ರಮವನ್ನು ಇನ್ನೊಂದು ರೀತಿಯಲ್ಲಿ ಅಲ್ಲಗಳೆಯುತ್ತದೆ. ೧೯೫೩ರಲ್ಲಿ ತಯಾರಾದ ಮೊದಲ ೩೦೦ ಕಾರ್ವೆಟ್‌ಗಳಿಗೂ ಎರಡೇ ಗೇರುಗಳ ಸ್ವಯಂಚಾಲಿತ ಪೆಟ್ಟಿಗೆಯಿದ್ದಿತು. ಕ್ರೀಡಾಕಾರಿಗೆ ಇದು ತಕ್ಕುದಲ್ಲವೆಂಬ ಆಕ್ಷೇಪಣೆ ಬಂದಿತು. ೧೯೫೫ರಲ್ಲಿ ಮೂರು ಗೇರುಗಳ ಕೈಪೆಟ್ಟಿಗೆಯೂ ೧೯೫೭ರಲ್ಲಿ ನಾಲ್ಕು ಗೇರುಗಳದೂ ಬಂದುವು. ಮುಂದೆ ಕೈಗೇರೇ ಆ ಕಾರಿನ ಲಕ್ಷಣವೆಂಬಂತಾಯಿತು. ೨೦೧೯ರಲ್ಲಿ ಪ್ರಕಟವಾದ ಎಂಟನೆಯ ಪೀಳಿಗೆಯ ಕಾರ್ವೆಟ್ಟಿಗೆ ಎಂಟು ಗೇರುಗಳ ಜೋಡಿ ಕ್ಲಚ್ಚು ಮಾತ್ರ, ಕೈಗೇರು ಇಲ್ಲ. ಸ್ವಯಂಚಾಲಿತದಿಂದ ಕೈಗೇರಿಗೆ, ಕೈಗೇರಿನಿಂದ ಮತ್ತೆ ಸ್ವಯಂಚಾಲಿತಕ್ಕೆ ನಡೆದ ಈ ಹಾದಿಯನ್ನು ಯಾವ ನೇರಗೆರೆಯೂ ತೋರಿಸಲಾರದು.

ಜೋಡಿ ಕ್ಲಚ್ಚೂ ಅಂತಿಮ ಘಟ್ಟವಲ್ಲ. ಅದನ್ನು ೨೦೦೮ರಲ್ಲಿ ಸ್ವೀಕರಿಸಿದ ಬಿ.ಎಂ.ಡಬ್ಲ್ಯು. ಎಂ ೩ ಕಾರಿನ ೨೦೨೦ರ ಪೀಳಿಗೆಯು ಅದನ್ನು ಕೈಬಿಟ್ಟು, ಟಾರ್ಕ್ ಕನ್ವರ್ಟರ್ ಇರುವ ಎಂಟು ಗೇರುಗಳ ಸ್ವಯಂಚಾಲಿತ ಪೆಟ್ಟಿಗೆಯನ್ನು ಅಳವಡಿಸಿಕೊಂಡಿತು; ಜೊತೆಗೆ ಆರು ಗೇರುಗಳ ಕೈಪೆಟ್ಟಿಗೆಯನ್ನೂ ಉಳಿಸಿಕೊಂಡಿತು. ೧೯೩೯ರ ಎರಡು ದಾರಿಗಳಲ್ಲಿ ಸುಖದ ದಾರಿಯೆನಿಸಿದ್ದುದು ಕಾಲಾಂತರದಲ್ಲಿ ವೇಗವನ್ನೂ ಕಲಿತುಕೊಂಡಿತೆಂದು ಇದರ ತಾತ್ಪರ್ಯ. ವಿದ್ಯುತ್ ಕಾರುಗಳಿಗಾದರೋ ಇಷ್ಟೆಲ್ಲ ಗೇರುಗಳ ಆವಶ್ಯಕತೆಯೇ ಇಲ್ಲ. ಹಾಗಿದ್ದೂ ೨೦೨೩ರಲ್ಲಿ ಹ್ಯುಂಡೈ ಸಂಸ್ಥೆಯು ಪ್ರಕಟಿಸಿದ ಅಯಾನಿಕ್ ೫ ಎನ್ ಎಂಬ ವಿದ್ಯುತ್ ಕಾರಿನಲ್ಲಿ, ಇಲ್ಲದ ಎಂಟು ಗೇರುಗಳು ಇರುವಂತೆ ಜಗ್ಗಾಟವನ್ನೂ ಶಬ್ದವನ್ನೂ ಗಣಕದ ಮೂಲಕ ಅನುಕರಿಸಲಾಗಿದೆ. ಅದು ಅನುಕರಿಸುತ್ತಿರುವುದು ಕೈಗೇರನ್ನಲ್ಲ, ಜೋಡಿ ಕ್ಲಚ್ಚನ್ನು. ನಿನ್ನೆ ಬಂದು ಹಳೆಯದನ್ನು ಸ್ಥಾನಪಲ್ಲಟಗೊಳಿಸಿದುದು ಇಂದು ತಾನೇ ಸ್ಮರಣೆಯ ವಸ್ತುವಾಗಿದೆ.

೭

ಈ ವಿವೇಚನೆಯಿಂದ ಏನನ್ನು ತಿಳಿಯಬಹುದು? ಯಂತ್ರಗಳ ಸೋಲುಗೆಲುವುಗಳು ಅಳತೆಗೋಲನ್ನು ಅವಲಂಬಿಸಿರುತ್ತವೆ. ಅಳತೆಗೋಲನ್ನು ಆರಿಸುವವನು ಮನುಷ್ಯ. ಕಾಲವನ್ನು ಅಳತೆಗೋಲಾಗಿ ಹಿಡಿದಲ್ಲೆಲ್ಲ ಜೋಡಿ ಕ್ಲಚ್ಚು ಗೆದ್ದಿತು, ಗೆಲ್ಲಲೇಬೇಕಾಗಿತ್ತು. ಕೌಶಲವನ್ನೇ ಉದ್ದೇಶವಾಗಿ ಹಿಡಿದಲ್ಲಿ ಕೈಗೇರು ಉಳಿಯಿತು. ಎರಡನೆಯ ಪ್ರಶ್ನೆಗೆ ಇದೇ ಉತ್ತರವೆಂದು ನನ್ನ ಅಭಿಪ್ರಾಯ.

ಆದರೆ ಉಳಿದುದು ಹಿಂದಿನ ಸ್ಥಿತಿಯಲ್ಲಿಯೇ ಉಳಿಯಲಿಲ್ಲ ಎಂಬುದನ್ನು ಮರೆಮಾಚಬಾರದು. ಕೌಶಲವು ಆವಶ್ಯಕತೆಯಾಗಿದ್ದಾಗ ಅದು ಎಲ್ಲರ ಸ್ವತ್ತು: ಲಾರಿಯ ಚಾಲಕನೂ ಪಂದ್ಯದ ವೀರನೂ ಒಂದೇ ವಿದ್ಯೆಯ ಎರಡು ಮೆಟ್ಟಿಲುಗಳಲ್ಲಿ ನಿಂತಿದ್ದರು. ಅದು ಅಭಿರುಚಿಯಾಗಿ ಮಾರ್ಪಟ್ಟಾಗ ಕೊಳ್ಳಬಲ್ಲವರ ಸ್ವತ್ತಾಗುವ ಅಪಾಯವುಂಟು. ೯೯೧ ಕಾರುಗಳಿಗಾಗಿ ನಡೆದ ಸ್ಪರ್ಧೆ ಇದಕ್ಕೆ ಸಾಕ್ಷಿ. ಜಪಾನಿನ ಮಾಜ್ದಾ ಎಂ.ಎಕ್ಸ್.-೫ ಎಂಬ ಚಿಕ್ಕ ಕಾರು ೧೯೮೯ರಿಂದಲೂ ಸಾಧಾರಣ ಬೆಲೆಯಲ್ಲಿ ಕೈಗೇರನ್ನು ಉಳಿಸಿಕೊಂಡು ಬಂದಿರುವುದು ಈ ಮಾತಿಗೆ ಒಂದು ಗೌರವಾರ್ಹವಾದ ಅಪವಾದ. ಅಂತಹ ಅಪವಾದಗಳು ಎಷ್ಟು ದಿನ ಉಳಿಯುತ್ತವೆಂಬುದರ ಮೇಲೆ ಈ ವಿದ್ಯೆಯು ಜನಸಾಮಾನ್ಯರಲ್ಲಿ ಉಳಿಯುವುದೋ ಇಲ್ಲವೋ ಎಂಬುದು ನಿಂತಿದೆ.

ಒಂದು ಯಂತ್ರವನ್ನು ಸಂಗ್ರಹಾಲಯದಲ್ಲಿ ಇಟ್ಟು ಕಾಪಾಡಬಹುದು. ಕೈಯ ಕೌಶಲವನ್ನು ಹಾಗೆ ಇಡಲು ಬರುವುದಿಲ್ಲ. ಕಲಿಸುವವನೂ ಕಲಿಯುವವನೂ ಇರುವವರೆಗೆ ಮಾತ್ರ ಅದು ಇರುತ್ತದೆ. ನಮ್ಮ ಸುತ್ತಲೂ ಯಂತ್ರಗಳು ಒಂದೊಂದಾಗಿ ಮನುಷ್ಯನ ಕೆಲಸಗಳನ್ನು ವಹಿಸಿಕೊಳ್ಳುತ್ತಿರುವ ಈ ಕಾಲದಲ್ಲಿ, ಯಾವುದು ವೇಗವಾಗಿ ಆಗುತ್ತದೆಂಬುದನ್ನು ಲೆಕ್ಕಹಾಕುವವರು ಬೇಕಾದಷ್ಟು ಮಂದಿ ಇದ್ದಾರೆ. ಆ ಲೆಕ್ಕದಲ್ಲಿ ಸೇರದೆ ಹೋದುದು ಏನೆಂಬುದನ್ನು ಬರೆದಿಡುವ ಹೊಣೆ ಇತಿಹಾಸದ ವಿದ್ಯಾರ್ಥಿಗಳದು. ಗೇರುಪೆಟ್ಟಿಗೆಯಂತಹ ಅಲ್ಪವಸ್ತುವಿನಿಂದ ಈ ಕೆಲಸವನ್ನು ಆರಂಭಿಸುವುದರಲ್ಲಿ ಸಂಕೋಚಪಡಬೇಕಾದುದಿಲ್ಲ.